ಫ್ರಿಜ್ಜಿನ ಬಾಗಿಲ ಮೇಲೆ ಸೊನ್ನೆ–ಏಳು

ಪಾತ್ರೆ ತೊಳೆಯುವ ರಬ್ಬರ್ ಕೈಗವಸುಗಳನ್ನು ನಮ್ಮ ತಿಂಡಿಯಂಗಡಿಯ ಹಿಂದಿನ ಕೋಣೆಯನ್ನು ಬೆಚ್ಚಗಿಡುವ ರೇಡಿಯೇಟರ್ ಮೇಲೆ ಒಣಹಾಕಬೇಡ ಎಂದು ಸುಮತಿಗೆ ಹೇಳಿ ಹೇಳಿ ನನ್ನ ನಾಲಗೆ ಸವೆದಿದೆ. ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿ ಗಂಡನ ಮಾತನ್ನು ಎಷ್ಟು ಕೇಳಬೇಕೋ ಅಷ್ಟೇ ಕೇಳುತ್ತಾಳೆ. ಕಳೆದ ವಾರ ಲಂಡನ್ನಿನ ಈಸ್ಟ್ ಹ್ಯಾಮಿನಲ್ಲಿ ಬೆಳಗಿನಿಂದ ಜಿಟಿಜಿಟಿ ಮಳೆ. ಕಿಟಕಿ ಮುಚ್ಚಿತ್ತು, ಹೀಟಿಂಗ್ ಜೋರಾಗಿತ್ತು. ಚಟ್ನಿಗೆ ಕಾಯಿ ತರಲು ಹಿಂದಕ್ಕೆ ಹೋದವನ ಮೂಗಿಗೆ ಒದ್ದೆ ರಬ್ಬರ್ ಕಾದ ವಾಸನೆ ಬಡಿಯಿತು. ಬೈಯಲು ಬಾಯಿ ತೆರೆದವನು ಕಾಯಿ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಇದೇ ವಾಸನೆ ಒಂದು ಚಳಿಗಾಲ ನಮ್ಮ ಹಳೆಯ ಫ್ಲಾಟಿನ ತುಂಬ ಇತ್ತು. ನಮ್ಮ ಒಬ್ಬಳೇ ಮಗಳು ನಿಖಿತಾ ಕಾಲೇಜಿನ ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಗೋಲ್‌ಕೀಪರ್ ಆಗಿದ್ದ ವರ್ಷ ಅದು.

೨೦೧೩ರ ಸೆಪ್ಟೆಂಬರಿನಲ್ಲಿ ಅವಳಿಗೆ ಹದಿನಾರು ತುಂಬಿ, ಹತ್ತಿರದ ಕಾಲೇಜಿಗೆ ಸೇರಿದ್ದಳು. ನಾನು ಆಗ ಹೈ ಸ್ಟ್ರೀಟ್ ನಾರ್ತಿನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ದೋಸೆ ಹುಯ್ಯುವವನು. ಗಂಗೊಳ್ಳಿಯಲ್ಲಿ ಮೀನು ಹಿಡಿಯುವವರ ಮನೆಯಲ್ಲಿ ಹುಟ್ಟಿ, ಲಂಡನ್ನಿಗೆ ಬಂದು ಈರುಳ್ಳಿ ಕೂಡ ಯೋಚಿಸಿ ಹಾಕುವ ಅಡುಗೆಮನೆ ಸೇರಿದ್ದೆ. ಬೆಳಿಗ್ಗೆ ಹತ್ತಕ್ಕೆ ಹೋದರೆ ಮೂರಕ್ಕೆ ಬಿಡುವು. ಮತ್ತೆ ಆರರಿಂದ ರಾತ್ರಿಯವರೆಗೆ ಕೆಲಸ. ನಡುವಿನ ಆ ಮೂರು ಗಂಟೆಯಲ್ಲಿ ಮಗಳು ಕಣ್ಣಿಗೆ ಬಿದ್ದರೆ ಪುಣ್ಯ. ಬಿದ್ದರೂ ಮಾತು ಎಷ್ಟು? ನಾನು ನಮ್ಮ ಕುಂದಾಪುರದ ಕಡೆಯ ಕನ್ನಡದಲ್ಲಿ ಕೇಳುತ್ತಿದ್ದೆ, ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದಳು. ಅವಳಿಗೆ ನನ್ನದು ಪೂರ್ತಿ ಅರ್ಥವಾಗುತ್ತಿತ್ತು, ನನಗೆ ಅವಳದು ಮುಕ್ಕಾಲು. ಇಂಗ್ಲಿಷಿನಲ್ಲಿ ನಾನು ಉದ್ದ ಮಾತಾಡಲು ಹೋದರೆ ಬಾಯಿ ಬಿಟ್ಟರೆ ಬಣ್ಣಗೇಡು. ಹಾಗಾಗಿ ಆ ವರ್ಷ ನಮ್ಮ ನಡುವೆ ಊಟ ಆಯಿತಾ, ಚಾರ್ಜರ್ ಎಲ್ಲಿ ಎಂಬಷ್ಟೇ ಮಾತು ಉಳಿದಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಅವಳು ಒಂದು ಹಾಳೆ ತಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಆ ವರ್ಷದ ಹತ್ತು ಪಂದ್ಯಗಳ ಪಟ್ಟಿ. ಎಲ್ಲವೂ ಬುಧವಾರ ಮಧ್ಯಾಹ್ನ. ಪ್ರತಿ ಪಂದ್ಯದ ಎದುರು ಅವಳೇ ಸ್ಕೇಲಿಟ್ಟು ಎರಡು ಚೌಕ ಎಳೆದಿದ್ದಳು. ಒಂದರ ಮೇಲೆ 'ಡ್ಯಾಡ್', ಇನ್ನೊಂದರ ಮೇಲೆ 'ರಿಯಲ್' ಎಂದು ಬರೆದಿತ್ತು.

"ಪ್ರಿಡಿಕ್ಷನ್ಸ್, ಡ್ಯಾಡ್," ಎಂದಳು. ಅವಳ ಗೆಳತಿ ಕ್ಲೋಯಿಯ ಅಪ್ಪ ಪ್ರತಿ ವರ್ಷ ಸೀಸನ್ ಶುರುವಾಗುವ ಮೊದಲೇ ಯಾವ ಪಂದ್ಯದಲ್ಲಿ ಎಷ್ಟು ಗೋಲು ಎಂದು ಬರೆದಿಡುತ್ತಾರಂತೆ. ನಿಜವಾದ ಅಭಿಮಾನಿಗಳು ಹಾಗೆ ಮಾಡುವುದಂತೆ. ನೀವೂ ಬರೆಯಿರಿ ಎಂದಳು. ಆಮೇಲೆ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, "ದಿಸ್ ಒನ್. ಸಟನ್ ಅವೇ. ಐ ರಿಯಲಿ ವಾಂಟ್ ದಿಸ್ ಒನ್," ಎಂದಳು. ಸಟನ್ ಕಡೆಯ ಕಾಲೇಜಿನವರು ಮೂರು ವರ್ಷದಿಂದ ಯಾರಿಗೂ ಸೋತಿರಲಿಲ್ಲ. ಅವರ ಊರಲ್ಲೇ ಅವರನ್ನು ಸೋಲಿಸಬೇಕೆಂಬುದು ಅವಳ ಆಸೆ.

ಮಗಳು ನನ್ನನ್ನು ಏನನ್ನಾದರೂ ಕೇಳಿ ಎಷ್ಟು ಕಾಲವಾಗಿತ್ತು! ನನಗೆ ಆದ ಸಂತೋಷ ಹೇಳತೀರದು. ಸೋಮವಾರದ ರಜೆಯಲ್ಲಿ ಮಿಂದು, ದೇವರಿಗೆ ದೀಪ ಹಚ್ಚಿ, ಬಾಲ್‌ಪೆನ್ ಹಿಡಿದು ಫ್ರಿಜ್ಜಿನೆದುರು ನಿಂತೆ. ಹತ್ತೂ ಚೌಕಗಳಲ್ಲಿ ನಮ್ಮ ಹುಡುಗಿಯರು ಸೋಲುತ್ತಾರೆ ಎಂದು ಬರೆದೆ. ಸೊನ್ನೆ–ಎರಡು, ಸೊನ್ನೆ–ಮೂರು, ಸೊನ್ನೆ–ಎರಡು. ಸಟನ್‌ನವರು ನಮ್ಮಲ್ಲಿಗೆ ಬಂದು ಆಡುವ ಪಂದ್ಯಕ್ಕೆ ಸೊನ್ನೆ–ನಾಲ್ಕು. ಮಗಳು ಅಷ್ಟು ಆಸೆಪಟ್ಟ ಕೊನೆಯ ಪಂದ್ಯಕ್ಕೆ, ಸ್ವಲ್ಪ ಯೋಚಿಸಿ, ಸೊನ್ನೆ–ಏಳು.

ಓದುವವರಿಗೆ ನನ್ನ ತಲೆ ಕೆಟ್ಟಿದೆ ಅನ್ನಿಸಬಹುದು. ನಮ್ಮ ಮನೆಯ ಕ್ರಮ ಹೇಳಿದರೆ ಹಾಗೆ ಅನ್ನಿಸಲಿಕ್ಕಿಲ್ಲ. ಅಪ್ಪ ದೋಣಿಗೆ ಹೊರಟು ನಿಂತಾಗ ನಮ್ಮ ಅಮ್ಮ ಅಂಗಳದವರೆಗೆ ಬಂದು, "ಇವತ್ತ್ ಎಂತದೂ ಸಿಕ್ಕೂದಿಲ್ಲ, ಬೇಗ್ ಬನ್ನಿ," ಎನ್ನುತ್ತಿದ್ದಳು. ಒಂದು ದಿನ ತಪ್ಪಿಸಿದವಳಲ್ಲ. ಚಿಕ್ಕವನಾಗಿದ್ದಾಗ ನನಗೆ ಸಿಟ್ಟು ಬಂದು, ಒಳ್ಳೆಯದು ಹೇಳಿದರೆ ನಿನ್ನ ಗಂಟೇನು ಹೋಗುತ್ತದೆ ಎಂದು ಕೇಳಿದ್ದೆ. ಅಮ್ಮ ನನ್ನ ಬಾಯಿಗೆ ಕೈ ಅಡ್ಡ ಇಟ್ಟು, "ಮೆಲ್ಲಗ್ ಮಾತಾಡ್ ಮಗಾ, ಕಡಲಿಗೂ ಕೆಮಿ ಇತ್ತ್," ಎಂದಳು. ಕಡಲು ಕೇಳಿಸಿಕೊಳ್ಳುತ್ತದೆ, ತುಂಬಿದ ದೋಣಿ ಬರಲಿ ಎಂದು ಬಾಯಿಬಿಟ್ಟು ಹೇಳಿದರೆ ಹಟಕ್ಕೆ ಬೀಳುತ್ತದೆ. ಎಷ್ಟು ಹೆಚ್ಚು ಬೇಕೋ ಅಷ್ಟು ಜೋರಾಗಿ ಬೇಡ ಅನ್ನಬೇಕು. ಗುಂಡುಗುಂಡಾದ ಮಗುವನ್ನು ಎತ್ತಿಕೊಂಡು 'ಎಂಥ ಒಣಕಲು' ಅನ್ನುವುದಿಲ್ಲವೇ, ಹಾಗೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಬಾರದು ಎಂದು ಲೋಕವೆಲ್ಲ ಹೇಳುತ್ತದೆ. ನಮ್ಮ ಮನೆಯಲ್ಲಿ ಕೂಸೇ ಹುಟ್ಟುವುದಿಲ್ಲ ಎಂದು ಒಂದು ಹೆಜ್ಜೆ ಮುಂದೆ ಹೋಗುತ್ತಿದ್ದೆವು.

ನಿಖಿತಾ ಹಾಳೆಯನ್ನು ಮೇಲಿಂದ ಕೆಳಕ್ಕೆ ಓದಿದಳು. ಕೊನೆಯ ಸಾಲಿನಲ್ಲಿ ಸ್ವಲ್ಪ ಹೊತ್ತು ನಿಂತಳು. "ಓಕೆ," ಎಂದು ಬ್ಯಾಗು ಎತ್ತಿಕೊಂಡು ಕೋಣೆಗೆ ಹೋದಳು. ಆ ಓಕೆಯನ್ನು ನಾನು ಒಪ್ಪಿಗೆ ಎಂದುಕೊಂಡೆ. ಗೋಲ್‌ಕೀಪರಿಗೆ ಏಳು ಗೋಲು ಎಂದರೆ, ಏಳು ಸಲ ನಿನ್ನ ಕೈ ಸೋಲುತ್ತದೆ ಎಂದು ಅಪ್ಪನೇ ಬರೆದುಕೊಟ್ಟ ಹಾಗೆ ಎಂಬುದು ನನ್ನ ಮಂಡೆಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಲಾರೆನ್ಸನಿಗೆ. ಅವನು ಅದೇ ಹೋಟೆಲಿನ ವೇಟರ್, ಶಿರ್ವದ ಕೊಂಕಣಿ ಕ್ರಿಶ್ಚಿಯನ್, ಫುಟ್‌ಬಾಲ್ ಎಂದರೆ ಪ್ರಾಣ ಬಿಡುವವನು. ನಾನು ಹೆಮ್ಮೆಯಿಂದ ಪಟ್ಟಿಯ ವಿಷಯ ಹೇಳಿದರೆ ಅವನು ಸಾಂಬಾರಿನ ಬಟ್ಟಲು ಹಿಡಿದುಕೊಂಡು ಅಲ್ಲೇ ನಿಂತ.

"ಎಂತ ಮಾರಾಯ ನೀನು! ಸ್ವಂತ ಮಗಳು ಏಳು ಗೋಲ್ ತಿಂತಾಳೆ ಅಂತ ಯಾವ ಅಪ್ಪ ಬರೀತಾನೆ? ಅವಳ ಮನಸ್ಸಿಗೆ ಎಂತ ಆಗ್ಲಿಕ್ಕಿಲ್ಲ?"

"ಅವ್ಳಿಗ್ ಗೊತ್ತಾತ್ತ್ ಬಿಡಾ. ನಮ್ಮನಿ ಹೆಣ್ಣ್ ಅಲ್ದಾ?" ಎಂದೆ.

"ಗೊತ್ತಾಗ್ತದೆ, ಗೊತ್ತಾಗ್ತದೆ. ನಿನ್ನ ಅಮ್ಮ ಬಂದು ಕನಸಲ್ಲಿ ಹೇಳ್ಬೇಕು ಅಷ್ಟೇ," ಎಂದು ಅವನು ನಾಲ್ಕನೇ ಟೇಬಲಿಗೆ ಹೋದ. ತಾನೇ ಆರ್ಡರ್ ಪುಸ್ತಕದ ಹಿಂದೆ ನಮ್ಮ ಹುಡುಗಿಯರು ಎಂಟು ಗೆಲ್ಲುತ್ತಾರೆ, ಎರಡು ಡ್ರಾ ಎಂದು ಬರೆದು ಸಹಿ ಹಾಕಿಕೊಂಡ. ಆ ಹಾಳೆ ಹರಿಯೋ ಎಂದು ಎಷ್ಟು ಬೇಡಿಕೊಂಡರೂ ಹರಿಯಲಿಲ್ಲ.

ಶರತ್ಕಾಲ ಸುಖವಾಗಿ ಕಳೆಯಿತು. ಮೊದಲ ಪಂದ್ಯ ಗೆದ್ದರು. ಎರಡನೆಯದು ಡ್ರಾ. ಆಮೇಲೆ ಸಾಲಾಗಿ ಮೂರು ಗೆಲುವು. ಬುಧವಾರ ಐದು ಗಂಟೆಗೆ ನಿಖಿತಾ ಮಂಡಿಯವರೆಗೆ ಕೆಸರು ಮೆತ್ತಿಕೊಂಡು ಬರುವಳು. ದೊಡ್ಡ ದೊಡ್ಡ ಕೈಗವಸುಗಳನ್ನು ಸಿಂಕಿನಲ್ಲಿ ತೊಳೆದು ರೇಡಿಯೇಟರ್ ಮೇಲೆ ಹಾಕುವಳು. ಫ್ರಿಜ್ಜಿನ ಬಳಿ ಹೋಗಿ, ನನ್ನ ಅಂಕೆಯ ಪಕ್ಕದ ಚೌಕದಲ್ಲಿ ನಿಜವಾದ ಅಂಕೆ ಬರೆಯುವಳು. ಎರಡು–ಸೊನ್ನೆ. ಮೂರು–ಒಂದು. ಬರೆದು ಒಮ್ಮೆ ನನ್ನ ಮುಖ ನೋಡುವಳು. ನಾನು ನನ್ನ ಅಮ್ಮನ ವಿದ್ಯೆ ಕಡಲು ದಾಟಿ ಬಂದು ಥೇಮ್ಸ್ ದಂಡೆಯಲ್ಲೂ ಕೆಲಸ ಮಾಡುತ್ತಿದೆ ಎಂದು ಒಳಗೊಳಗೇ ಕುಣಿಯುತ್ತಿದ್ದೆ. ಹೊರಗೆ ಮಾತ್ರ, "ಹ್ಞೂಂ, ಕಾಂಬ," ನೋಡೋಣ ಎಂದಷ್ಟೇ ಹೇಳಿ ಚಹಾ ಕುಡಿಯುತ್ತಿದ್ದೆ. ಹೊಗಳಿದರೆ ಮುಂದಿನ ವಾರಕ್ಕೆ ದೃಷ್ಟಿ ತಾಗುವುದಿಲ್ಲವೇ? ಈಗ ಆ ಮುಖ ನೆನಪಾಗುತ್ತದೆ. ಅವಳು ಪ್ರತಿ ಬುಧವಾರ ನನ್ನ ಬಾಯಿಂದ ಒಂದು ಶಬ್ದಕ್ಕಾಗಿ ಕಾದಿದ್ದಳು. ನಾನು ಚಹಾ ಕುಡಿದೆ.

ಕ್ರಿಸ್‌ಮಸ್ ಹೊತ್ತಿಗೆ ಹಿಡಿದ ಮಳೆ ಫೆಬ್ರವರಿಯಾದರೂ ಬಿಡಲಿಲ್ಲ. ನಮ್ಮ ಊರಿನ ಆಷಾಢವೂ ನಡುವೆ ಒಂದೆರಡು ದಿನ ಉಸಿರು ಬಿಡುತ್ತದೆ. ಆ ವರ್ಷದ ಇಂಗ್ಲೆಂಡಿನ ಮಳೆಗೆ ಅಷ್ಟೂ ದಾಕ್ಷಿಣ್ಯ ಇರಲಿಲ್ಲ. ಮೈದಾನಗಳು ಗದ್ದೆಗಳಾದವು. ಪಂದ್ಯಗಳು ಮುಂದಕ್ಕೆ ಹೋದವು. ನಿಖಿತಾ ಪಾರ್ಕಿನ ಮೂಲೆಯಲ್ಲಿ ಒಬ್ಬಳೇ ಗೋಡೆಗೆ ಚೆಂಡು ಎಸೆದು ಹಿಡಿದು ಅಭ್ಯಾಸ ಮಾಡುತ್ತಿದ್ದುದನ್ನು ಬಸ್ಸಿನ ಕಿಟಕಿಯಿಂದ ಒಮ್ಮೆ ಕಂಡೆ. ನನ್ನ ಅಪ್ಪನ ಹಾಗೆಯೇ ಉದ್ದ ಕೈಗಳು. ಬಲೆ ಎಳೆಯುವಾಗ ಅವರೂ ಹೀಗೇ ಮೊದಲು ಭುಜ ತಗ್ಗಿಸುತ್ತಿದ್ದರು. ಇಳಿದು ಹೋಗಿ ಹೇಳೋಣ ಅನ್ನಿಸಿತು. ಬಸ್ಸು ಮುಂದೆ ಹೋಯಿತು, ನಾನೂ ಹೋದೆ.

ಫೆಬ್ರವರಿಯ ಕೊನೆಗೆ ಸಟನ್‌ನವರು ನಮ್ಮ ಮೈದಾನಕ್ಕೆ ಬಂದು ಆಡಿದರು. ಐದು ಗಂಟೆಗೆ ಬಾಗಿಲು ತೆರೆದ ಸದ್ದಾಯಿತು. ನಿಖಿತಾ ಶೂ ಕೂಡ ಬಿಚ್ಚದೆ ನೇರ ಅಡುಗೆಮನೆಗೆ ಬಂದಳು. ಕೈಗವಸುಗಳನ್ನು ಕಸದ ಬುಟ್ಟಿಗೆ ಎಸೆದಳು. ಫ್ರಿಜ್ಜಿನ ಮೇಲಿನ ನನ್ನ ಸೊನ್ನೆ–ನಾಲ್ಕರ ಸುತ್ತ ಕೆಂಪು ಪೆನ್ನಿನಲ್ಲಿ ಒಂದು ವೃತ್ತ ಎಳೆದಳು. ಪಕ್ಕದ ಚೌಕದಲ್ಲಿ ಅದೇ ಅಂಕೆ ಬರೆದಳು.

"ಕಂಗ್ರಾಚುಲೇಷನ್ಸ್, ಡ್ಯಾಡ್," ಎಂದಳು. "ಯು ಗಾಟ್ ಒನ್ ರೈಟ್."

ಕೊನೆಗೂ ಒಂದು ಸರಿಯಾಗಿ ಹೇಳಿದಿರಿ ಎಂದು. ದನಿ ಏರಲಿಲ್ಲ. ಕೂಗಿದ್ದರೆ ನಾನೂ ಕೂಗಿ ಮುಗಿಸುತ್ತಿದ್ದೆನೇನೋ. ಇನ್ನು ಆಡುವುದಿಲ್ಲ, ಕೋಚಿಗೆ ಶುಕ್ರವಾರ ಹೇಳಿಬಿಡುತ್ತೇನೆ, ಕ್ಲೋಯಿಯ ಅಪ್ಪ ಹತ್ತಕ್ಕೆ ಹತ್ತೂ ಗೆಲುವು ಬರೆದಿದ್ದಾರೆ, ನನ್ನಪ್ಪನಿಗೆ ಮಾತ್ರ ಮೊದಲೇ ಗೊತ್ತಿತ್ತು ನನ್ನ ಕೈಲಾಗುವುದಿಲ್ಲ ಎಂದು. ಇಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿ ಅವಳು ಕೋಣೆಯ ಬಾಗಿಲು ಹಾಕಿಕೊಂಡಳು. ಎಂದೂ ಮುಕ್ಕಾಲು ಅರ್ಥವಾಗುತ್ತಿದ್ದ ನನಗೆ ಅಂದು ಒಂದಕ್ಷರ ಬಿಡದೆ ಅರ್ಥವಾಯಿತು.

ಸುಮತಿ ಸೀರೆ ಅಂಗಡಿಯ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದಳು. ಎಲ್ಲ ಕೇಳಿದವಳು ಕೊಡೆ ಮಡಚುತ್ತ ಹೇಳಿದಳು: "ನೀವ್ ಬರ್ದದ್ ಮಾತ್ರ ಅವ್ಳ್ ಕಣ್ಣಿಗ್ ಕಾಣ್ತ್. ನಿಮ್ಮ್ ಹೊಟ್ಟಿಯೊಳ್ಗ್ ಇದ್ದದ್ ಅವ್ಳಿಗ್ ಹ್ಯಾಂಗ್ ಗೊತ್ತಾಪ್ದ್? ಅವ್ಳೆಂತ ಗಂಗೊಳ್ಳಿಯಾಗ್ ಹುಟ್ಟಿದ್ಲಾ?"

ನಾನು ಬುಟ್ಟಿಯಿಂದ ಕೈಗವಸುಗಳನ್ನು ಎತ್ತಿದೆ. ಅವಕ್ಕೆ ಚಹಾಪುಡಿಯ ಚರಟ, ಮೊಟ್ಟೆಯ ಸಿಪ್ಪೆ ಎಲ್ಲ ಅಂಟಿತ್ತು. ಪಾತ್ರೆ ತೊಳೆಯುವ ನಿಂಬೆ ಸೋಪು ಹಾಕಿ, ಬೆರಳು ಬೆರಳು ಬಿಡಿಸಿ ತೊಳೆದೆ. ದೋಸೆ ಕಲ್ಲಿಗೆ ಸುಟ್ಟು ದಡ್ಡುಗಟ್ಟಿದ ನನ್ನ ಕೈ ಆ ಗವಸಿನೊಳಗೆ ಸಲೀಸಾಗಿ ಹೋಯಿತು, ಆಮೇಲೂ ಜಾಗ ಉಳಿಯಿತು. ನನ್ನ ಮಗಳ ಕೈ ನನ್ನದಕ್ಕಿಂತ ದೊಡ್ಡದೆಂದು ನನಗೆ ತಿಳಿದದ್ದೇ ಆಗ. ರೇಡಿಯೇಟರ್ ಮೇಲೆ ಹರಡಿದೆ. ಸ್ವಲ್ಪ ಹೊತ್ತಿಗೆ ಒದ್ದೆ ರಬ್ಬರಿನ ವಾಸನೆ ಎದ್ದಿತು. ನಾನು ಕೆಲಸಕ್ಕೆ ಹೊರಟೆ. ಅಂದು ನನ್ನ ದೋಸೆಗಳೆಲ್ಲ ಹರಿದವು.

ಮರುದಿನ ಬೆಳಿಗ್ಗೆ ಅವಳು ಹಾಲಿಗೆ ಸೀರಿಯಲ್ ಹಾಕಿ ತಿನ್ನುತ್ತಿದ್ದಾಗ ಎದುರು ಕುಳಿತೆ. ಇಂಗ್ಲಿಷಿನಲ್ಲಿ ಶುರುಮಾಡಿದೆ, ಎರಡನೇ ವಾಕ್ಯಕ್ಕೆ ಮುಗ್ಗರಿಸಿದೆ. ಬಿಟ್ಟು ನಮ್ಮ ಮಾತಿನಲ್ಲೇ ಹೇಳಿದೆ. ಅಜ್ಜಿ ಅಂಗಳಕ್ಕೆ ಬರುತ್ತಿದ್ದುದು, ಎಂತದೂ ಸಿಕ್ಕೂದಿಲ್ಲ ಅನ್ನುತ್ತಿದ್ದುದು, ಕಡಲಿನ ಕಿವಿ, ಎಲ್ಲ ಹೇಳಿದೆ. ಅವಳು ಚಮಚ ಬಟ್ಟಲಲ್ಲಿಟ್ಟು ಕೇಳುತ್ತಿದ್ದಳು.

"ಸೋ ಸೆವೆನ್–ನಿಲ್ ಮೀನ್ಸ್ ವಾಟ್?" ಎಂದಳು.

"ಅದೇ ಮ್ಯಾಚ್ ನಿಂಗ್ ಬೇಕ್ ಅಂದಿ ಅಲ್ದಾ? ಅದ್ಕೇ ಏಳ್. ಎಲ್ಲದಕ್ಕಿಂತ ಜಾಸ್ತಿ ಬೇಕ್ ಅಂದ್ಕಂಡದ್ದಕ್ಕೆ ಎಲ್ಲದಕ್ಕಿಂತ ಜಾಸ್ತಿ ಬರ್ದೆ." ಫ್ರಿಜ್ಜಿನ ಕಡೆ ಕೈ ತೋರಿಸಿದೆ. "ನಂಗ್ ಬೇರೆ ನಮ್ನಿ ಗೊತ್ತಿಲ್ಲ ಮಗಾ."

ಬಟ್ಟಲಿನಲ್ಲಿ ಸೀರಿಯಲ್ ಮೆತ್ತಗಾಗುತ್ತಿತ್ತು. ಅವಳು ಒಂದೇ ಪ್ರಶ್ನೆ ಕೇಳಿದಳು. ಕನ್ನಡದಲ್ಲಿ ಕೇಳಿದಳು.

"ಅಜ್ಜಿ ಹಾಂಗ್ ಹೇಳ್ರೆ ಅಜ್ಜ ಎಂತ ಹೇಳ್ತಿದ್ರ್?"

"ಎಂತ ಹೇಳ್ತ್ರ್? 'ಹೌದ್, ಎಂತದೂ ಸಿಕ್ಕೂದಿಲ್ಲ' ಅಂತ ನೆಗ್ಯಾಡಿ ಹೋತಿದ್ರ್."

ಅಜ್ಜ ನಕ್ಕ ಹಾಗೆ ಅವಳು ನಗಲಿಲ್ಲ. ಅಪ್ಪಿಕೊಳ್ಳಲೂ ಇಲ್ಲ. ಎದ್ದು ಹೋಗಿ ರೇಡಿಯೇಟರ್ ಮೇಲಿನ ಕೈಗವಸುಗಳನ್ನು ಮುಟ್ಟಿ ನೋಡಿ, "ದೀಸ್ ಸ್ಮೆಲ್ ಆಫ್ ಲೆಮನ್," ಎಂದು ಬ್ಯಾಗಿಗೆ ಹಾಕಿಕೊಂಡಳು. ಶುಕ್ರವಾರ ಕೋಚಿಗೆ ಏನು ಹೇಳಿದಳೋ ನಾನು ಕೇಳಲಿಲ್ಲ. ಮುಂದಿನ ಬುಧವಾರ ಕೆಸರಾಗಿ ಬಂದಳು. ನಾನು ಚಹಾ ಕೆಳಗಿಟ್ಟು ಹೇಗಾಯಿತು ಎಂದು ಕೇಳಿದೆ. ಹೇಳಿದಳು, ಅರ್ಧ ಗಂಟೆ ಹೇಳಿದಳು. ಅದರಲ್ಲಿ ಆಫ್‌ಸೈಡ್ ಎಂಬುದು ನನಗೆ ಇಂದಿಗೂ ತಿಳಿದಿಲ್ಲ.

ಮಾರ್ಚ್ ಕೊನೆಯ ಬುಧವಾರ ಸಟನ್‌ನಲ್ಲಿ ಕೊನೆಯ ಪಂದ್ಯ. ಅದನ್ನು ಗೆದ್ದರೆ ನಮ್ಮವರೇ ಮೊದಲು. ಅಂದು ಮಧ್ಯಾಹ್ನ ದೋಸೆ ಕಲ್ಲಿನ ಮುಂದೆ ನನ್ನ ಬದಲು ಲಾರೆನ್ಸ್ ನಿಂತ. "ನೀನು ಹೋಗು ಮಾರಾಯ. ದೋಸೆ ಎಂತ ದೊಡ್ಡ ವಿದ್ಯೆಯಾ?" ಎಂದ. ಅವನು ಹುಯ್ದ ದೋಸೆಗಳು ಆಫ್ರಿಕಾದ ನಕ್ಷೆಯ ಹಾಗಿದ್ದವು, ಧಣಿಗಳು ಎರಡು ದಿನ ಮಾತು ಬಿಟ್ಟರು ಎಂದು ಆಮೇಲೆ ತಿಳಿಯಿತು. ನಾನು ಮಗಳಿಗೂ ಹೇಳದೆ ಡಿಸ್ಟ್ರಿಕ್ಟ್ ಲೈನ್ ರೈಲು ಹಿಡಿದೆ. ಬ್ಲ್ಯಾಕ್‌ಫ್ರೈಯರ್ಸಿನಲ್ಲಿ ರೈಲು ಬದಲಿಸುವಾಗ ಪ್ಲಾಟ್‌ಫಾರಮ್ಮಿನ ಕೆಳಗೇ ಥೇಮ್ಸ್ ಮಣ್ಣು ಬಣ್ಣಕ್ಕೆ ತಿರುಗಿ ಹರಿಯುತ್ತಿತ್ತು. ಯಾರೂ ಹತ್ತಿರ ಇಲ್ಲವೆಂದು ನೋಡಿಕೊಂಡು, "ಇವತ್ತ್ ಎಂತದೂ ಸಿಕ್ಕೂದಿಲ್ಲ," ಎಂದು ಅದಕ್ಕೆ ಕೇಳುವಂತೆ ಹೇಳಿದೆ.

ಮೈದಾನ ಮುಟ್ಟುವಾಗ ಪಂದ್ಯ ಅರ್ಧ ಮುಗಿದು ಒಂದು–ಒಂದು ಆಗಿತ್ತು. ಹೋಟೆಲಿನ ಪ್ಯಾಂಟು, ಮಂಕಿ ಕ್ಯಾಪು, ಮೈಗೆಲ್ಲ ಒಗ್ಗರಣೆಯ ವಾಸನೆ. ಗೆರೆಯಾಚೆ ನಿಂತೆ. ಪಕ್ಕದಲ್ಲಿ ನಿಂತ ಕೆಂಪು ಮುಖದ ಮನುಷ್ಯ ಕೈಕುಲುಕಿ ತಾನು ಕ್ಲೋಯಿಯ ಅಪ್ಪ ಎಂದು ಪರಿಚಯಿಸಿಕೊಂಡ. ಇವತ್ತಿಗೆ ಎಷ್ಟು ಬರೆದಿದ್ದೀರಿ ಎಂದು ಕೇಳಿದ. "ಸೆವೆನ್," ಎಂದೆ. "ಟು ಅಸ್?" ಎಂದ, ಏಳೂ ನಮ್ಮವರದೇ ತಾನೇ ಎಂಬಂತೆ. ನಮ್ಮ ಊರಿನವರ ಹಾಗೆ ತಲೆ ಅತ್ತಿತ್ತ ಆಡಿಸಿದೆ. ಅವನು ಬೆನ್ನು ತಟ್ಟಿ, ಅಭಿಮಾನಿ ಎಂದರೆ ಹೀಗಿರಬೇಕು ಎಂದ.

ಅವಳು ಆಡುವುದನ್ನು ಮೊದಲ ಸಲ ಕಂಡೆ. ನಮ್ಮ ಮನೆಯಲ್ಲಿ ಸದ್ದಿಲ್ಲದೆ ಓಡಾಡುವ ಹುಡುಗಿ ಅಲ್ಲಿ ಹತ್ತು ಮಂದಿಯನ್ನು ಗದರಿಸಿ ನಿಲ್ಲಿಸುತ್ತಿದ್ದಳು. ಒಂದು ಚೆಂಡು ಹಿಡಿದಳು, ಇನ್ನೊಂದನ್ನು ಗುದ್ದಿ ಹೊರಗೆ ಹಾಕಿದಳು. ನಾನು ಕೈ ಬಿಗಿಹಿಡಿದು, ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಇನ್ನು ಐದಾರು ನಿಮಿಷ ಇರುವಾಗ ನಮ್ಮ ಹುಡುಗಿಯೊಬ್ಬಳು ಅವರವಳನ್ನು ಬೀಳಿಸಿದಳು. ಪೆನಾಲ್ಟಿ. ಸಟನ್‌ನ ಎತ್ತರದ ಹುಡುಗಿ ಚೆಂಡು ಇಟ್ಟಳು. ಗೋಲಿನ ನಡುವೆ ನನ್ನ ಮಗಳು ಒಬ್ಬಳೇ ನಿಂತಳು. ಸುತ್ತ ಎಲ್ಲರೂ, ಕಮಾನ್ ನಿಕ್ಕಿ, ಯು ಕ್ಯಾನ್ ಡು ಇಟ್ ಎಂದು ಕೂಗತೊಡಗಿದರು. ಇಷ್ಟು ಮಂದಿ ಒಟ್ಟಿಗೆ ಬಾಯಿಬಿಟ್ಟು ಆಸೆಪಟ್ಟರೆ ಉಳಿಯುತ್ತದೆಯೇ? ನನಗೆ ತಡೆಯಲಾಗಲಿಲ್ಲ. ಮಂಕಿ ಕ್ಯಾಪು ಕಿತ್ತು, ಗಂಗೊಳ್ಳಿಯ ದಂಡೆಯಿಂದ ದೋಣಿಗೆ ಕೇಳುವಷ್ಟು ಜೋರಾಗಿ ಕೂಗಿದೆ:

"ನಿಖೀ! ನಿಂಗ್ ಹಿಡೂಕ್ ಆತಿಲ್ಲಾ!"

ಹಿಡಿಯಲು ನಿನ್ನಿಂದಾಗದು ಎಂಬ ಆ ಮಾತು ಆ ಇಡೀ ಮೈದಾನದಲ್ಲಿ ಅರ್ಥವಾಗುವ ಜೀವ ಒಂದೇ ಇತ್ತು. ಅದು ಥಟ್ಟನೆ ಇತ್ತ ತಿರುಗಿತು. ನನ್ನನ್ನು ಕಂಡಿತು. ಕೆಸರು ಮುಖದ ತುಂಬ ಹಲ್ಲು ಬಿಟ್ಟಿತು. ಆಮೇಲೆ ತಿರುಗಿ ಭುಜ ತಗ್ಗಿಸಿತು, ನಮ್ಮಪ್ಪ ತಗ್ಗಿಸುತ್ತಿದ್ದ ಹಾಗೆ.

ಅವಳು ಸರಿಯಾದ ಕಡೆಗೇ ಹಾರಿದಳು. ಚೆಂಡಿಗೆ ಬೆರಳು ತಾಗಿದ್ದನ್ನು ನಾನು ಕಂಡೆ. ತಾಗಿ, ಕಂಬಕ್ಕೆ ಬಡಿದು, ಒಳಗೆ ಉರುಳಿತು. ಒಂದು–ಎರಡು. ಹಾಗೆಯೇ ಮುಗಿಯಿತು.

ಆಟ ಮುಗಿದ ಮೇಲೆ ಅವಳು ನೇರ ನನ್ನ ಕಡೆ ನಡೆದು ಬಂದಳು. ಕಣ್ಣು ಕೆಂಪಾಗಿತ್ತು. ನನ್ನೆದುರು ನಿಂತು ಹೇಳಿದಳು:

"ನೀವ್ ಏಳ್ ಬರ್ದಿದ್ರಿ. ಎರಡೇ ಆಯ್ತ್. ಐದ್ ನಾನ್ ಹಿಡ್ದೆ."

ಆಮೇಲೆ ಕೈಗವಸು ಹಾಕಿದ ಕೈಗಳಿಂದಲೇ ನನ್ನನ್ನು ಹಿಡಿದುಕೊಂಡು ಅತ್ತಳು. ನನ್ನ ಜಾಕೆಟ್ಟಿನ ಬೆನ್ನಿಗೆ ಆದ ಎರಡು ಕೆಸರು ಹಸ್ತಗಳನ್ನು ರೈಲಿನಲ್ಲಿ ಎಲ್ಲರೂ ನೋಡಿದರು. ನಾನು ಒರೆಸಿಕೊಳ್ಳಲಿಲ್ಲ.

ಆ ವರ್ಷ ನಮ್ಮವರು ಎರಡನೆಯವರಾದರು. ಅವಳು ಮುಂದೆ ಓದಲು ಲೀಡ್ಸಿಗೆ ಹೋದಳು, ಅಲ್ಲೇ ಕೆಲಸವಾಯಿತು. ಐದು ವರ್ಷ ಕಳೆದು, ಹೆದರಿ ಹೆದರಿ, ನಾನೂ ಸುಮತಿಯೂ ಈ ಪುಟ್ಟ ಉಪಾಹಾರದಂಗಡಿ ತೆರೆದೆವು. ತೆರೆಯುವ ದಿನ ಬೆಳಿಗ್ಗೆ, ಇಷ್ಟು ವಯಸ್ಸಿಗೆ ಇದೆಲ್ಲ ಬೇಕಿತ್ತೇ ಎಂದು ನಾಲ್ಕು ಸಲ ಕೇಳಿಕೊಂಡೆ. ನಿಖಿತಾ ಹಿಂದಿನ ದಿನವೇ ಲೀಡ್ಸಿನಿಂದ ಬಂದಿದ್ದಳು. ಹಿಟ್ಟು ತೆಗೆಯಲು ಹೋದರೆ ಹೊಸ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಹಾಳೆ. ಸ್ಕೇಲಿಟ್ಟು ಎಳೆದ ಚೌಕಗಳು. ಮೊದಲ ವಾರದ ಏಳು ದಿನ, ಪ್ರತಿ ದಿನದ ಎದುರು ಎಷ್ಟು ಗಿರಾಕಿಗಳು ಎಂಬ ಅಂಕೆ. ಏಳೂ ಚೌಕದಲ್ಲಿ ಸೊನ್ನೆ. ಕೆಳಗೆ, ಎಲ್ಲಿ ಕಲಿತಳೋ, ಒಂದನೇ ತರಗತಿಯ ಮಕ್ಕಳ ಹಾಗೆ ಸೊಟ್ಟಸೊಟ್ಟಗೆ, ಕನ್ನಡದ ಅಕ್ಷರಗಳಲ್ಲಿ ಬರೆದಿದ್ದಳು: ಯಾರೂ ಬಪ್ಪುದಿಲ್ಲ.

ಅವಳು ಬಾಗಿಲಲ್ಲಿ ಕೈಕಟ್ಟಿ ನಿಂತು ನನ್ನನ್ನೇ ನೋಡುತ್ತಿದ್ದಳು.

"ಹೌದ್ ಮಗಾ," ಎಂದೆ, ನಗುತ್ತ. "ಯಾರೂ ಬಪ್ಪುದಿಲ್ಲ."

ಹೋಗಿ ಶಟರ್ ಎತ್ತಿದೆ.